ತೋಳು ಮುಟ್ಟದೆ ಬರೆದ ಅಂಕಿ

ನಮ್ಮ ಕೇರಿಯ ಹೆಣ್ಣುಮಗಳು. ಚೊಚ್ಚಲ ಬಸುರಿ, ಹತ್ತೊಂಬತ್ತು ದಾಟಿರಲಿಲ್ಲ. ಎಂಟನೇ ತಿಂಗಳಲ್ಲಿ ಮುಖ, ಕೈ ಊದಿದವು. 'ಬಸುರಿಗೆ ನೀರು ತುಂಬೋದು ಇದ್ದದ್ದೇ ಬಿಡವ್ವಾ' ಅಂದರು. ತಲೆ ಸಿಡೀತದೆ ಅಂದಳು, ಕಣ್ಣು ಮಂಜಾಯ್ತು ಅಂದಳು. ಒಂದು ರಾತ್ರಿ ಕೈಕಾಲು ಸೆಟೆದು ಹಲ್ಲು ಕಚ್ಚಿ ಬಿದ್ದಳು. ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪು ತಂದರು. ಆಸ್ಪತ್ರೆ ಸೇರುವಾಗ ಬೆಳಗಾಗಿತ್ತು. ಅವಳು ಉಳಿದಳು. ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು.

ಆಮೇಲೆ ಅವಳ ತಾಯಿ ಕಾರ್ಡು ತೆಗೆದು ನೋಡಿದೆ. ಮೂರು ತಪಾಸಣೆ, ಮೂರರಲ್ಲೂ 110/70. 'ತೋಳಿಗೆ ಪಟ್ಟಿ ಸುತ್ತಿದ್ರಾ ತಂಗೀ?' 'ಇಲ್ಲಣ್ಣಾ, ದೂರದಿಂದ್ಲೇ ಹೆಸ್ರು ಕೇಳಿ ಬರ್ಕೊಂಡ್ರು.'

ಗೆಳೆಯರೇ, ಪಟ್ಟಿ ಸುತ್ತಬೇಕಾದರೆ ತೋಳು ಮುಟ್ಟಬೇಕು. ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯ ಈ ಪತ್ರಿಕೆಯ ಓದುಗರಿಗಿಲ್ಲ.

ಬಸುರಿಗೆ ಇಪ್ಪತ್ತು ವಾರ ಕಳೆದ ಮೇಲೆ ರಕ್ತದ ಒತ್ತಡ 140/90 ಮುಟ್ಟಿದರೆ ಅದು ಅಪಾಯದ ಗೆರೆ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಡಾಕ್ಟರು ಪ್ರಿ-ಎಕ್ಲಾಂಪ್ಸಿಯಾ ಅನ್ನುತ್ತಾರೆ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ನಮ್ಮ ಅಜ್ಜಿಯಂದಿರು ನಂಜು, ಸನ್ನಿ ಅಂದದ್ದರಲ್ಲಿ ಇದೂ ಸೇರಿತ್ತು. ಚೊಚ್ಚಲದವರಿಗೆ, ತೀರಾ ಎಳೆಯರಿಗೆ, ಮೂವತ್ತೈದು ದಾಟಿದವರಿಗೆ, ಅವಳಿ ಹೊತ್ತವರಿಗೆ, ಮೊದಲೇ ಬಿ.ಪಿ., ಸಕ್ಕರೆ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ, ಹಿಂದಿನ ಬಸುರಿಯಲ್ಲಿ ಇದು ಬಂದಿದ್ದವರಿಗೆ ಭಯ ಹೆಚ್ಚು. ಹದಿನೆಂಟು ತುಂಬುವ ಮೊದಲೇ ಮಗಳಿಗೆ ತಾಳಿ ಕಟ್ಟಿಸುವ ನಮ್ಮ ಮನೆಗಳೂ ಈ ಲೆಕ್ಕದಲ್ಲಿ ಪಾಲುದಾರರೇ. ಅದನ್ನು ಬೇರೆಯವರ ಮೇಲೆ ಹಾಕಲಾಗದು.

ಸುಣ್ಣದಂಶ ಕಡಿಮೆ ತಿನ್ನುವವರಿಗೂ ಇದು ಹೆಚ್ಚು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣದಂಶ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆಗೆ ಮೂಗು ಮುರಿಯುವವರು ಕೇಳಿಸಿಕೊಳ್ಳಲಿ.

ಒತ್ತಡ ಏರಿದರೆ ಮಾಸಿಗೆ ರಕ್ತ ಸಾಲದು. ಮಗು ಬೆಳೆಯುವುದಿಲ್ಲ. ಈ ರೋಗಕ್ಕೆ ಹೆರಿಗೆಯೇ ಮದ್ದು, ಹಾಗಾಗಿ ಎಷ್ಟೋ ಸಲ ದಿನ ತುಂಬುವ ಮೊದಲೇ ಮಗುವನ್ನು ಹೊರಗೆ ತೆಗೆಯಬೇಕು. ಎರಡೂವರೆ ಕಿಲೋ ತೂಗದ ಕೂಸು, ಬಲಿಯದ ಶ್ವಾಸಕೋಶ, ಮೊಲೆ ಚೀಪಲು ತ್ರಾಣವಿಲ್ಲ. ಮಾಸು ಮೊದಲೇ ಕಳಚಿಕೊಂಡರೆ ಕೂಸು ಒಳಗೇ ಸಾಯಬಹುದು.

ಮದ್ದು ಇಲ್ಲವೆಂದಲ್ಲ. ಮೆಗ್ನೀಸಿಯಂ ಸಲ್ಫೇಟ್ ದುಬಾರಿ ಔಷಧಿಯೇನಲ್ಲ. 33 ದೇಶಗಳ ಸುಮಾರು ಹತ್ತು ಸಾವಿರ ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಲ್ಲಿ ಅದನ್ನು ಪಡೆದವರಿಗೆ ಫಿಟ್ಸ್ ಅರ್ಧಕ್ಕೂ ಕಡಿಮೆಯಾಯಿತು. ಆದರೆ ಸೂಜಿ ಚುಚ್ಚುವ ಮೊದಲು ಯಾರಿಗೆ ಬೇಕು ಅಂತ ತಿಳಿಯಬೇಕಲ್ಲ? ಅದಕ್ಕೇ ಪಟ್ಟಿ.

2016ರಿಂದ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇದೆ. ಮುಂದಿನ 9ಕ್ಕೆ ಕೇರಿಯ ಹೆಣ್ಣುಮಕ್ಕಳ ಜೊತೆ ನಾವೂ ಹೋಗೋಣ. ಪಟ್ಟಿ ಸುತ್ತುವ ತನಕ ಅಲ್ಲೇ ನಿಲ್ಲೋಣ. ಬರೆದ ಅಂಕಿಯನ್ನು ಗಟ್ಟಿಯಾಗಿ ಓದಿಸಿ ಕೇಳೋಣ.