ದಿನಾ ಹಂಗೇ ಬರ್ತದೆ

ಅರಕಲಗೂಡಿನ ಒಂದು ಸೈಬರ್ ಅಂಗಡಿ. ವಯಸ್ಸಾದ ರೈತರೊಬ್ಬರು ಆಧಾರ್ ಕಾರ್ಡ್ ಹಿಡಿದು ನಿಂತಿದ್ದಾರೆ. ಪರದೆಯ ಮೇಲೆ ಕೆಂಪು ತ್ರಿಕೋನದ ಎಚ್ಚರಿಕೆ. ಮುಂದೆ ಹೋಗುವ ಗುಂಡಿಯನ್ನೂ ಕ್ರೋಮ್ ತೆಗೆದುಬಿಟ್ಟಿತ್ತು. ಅಂಗಡಿಯ ಹುಡುಗ ಅದೇ ಪುಟದ ಮೇಲೆ ‘ದಿಸ್‌ಈಸ್‌ಅನ್‌ಸೇಫ್’ ಎಂದು ಟೈಪ್ ಮಾಡಿದ, ಪುಟ ತೆರೆಯಿತು. ಇದು ಅಪಾಯ ಎಂದು ತನ್ನ ಬೆರಳಲ್ಲೇ ಬರೆದು ಆ ಹಿರಿಯರ ಆಧಾರ್ ಸಂಖ್ಯೆ ತುಂಬಿದ. ಕೇಳಿದ್ದಕ್ಕೆ, “ದಿನಾ ಹಂಗೇ ಬರ್ತದೆ ಸಾರ್, ಏನೂ ಆಗಲ್ಲ” ಅಂದ.

ಅವನಿಗೆ ಅದನ್ನು ಕಲಿಸಿದವರು ಸಿಸ್ಟಂ ನೋಡಿಕೊಳ್ಳುವ ನಾವೇ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಂಪ್ಯೂಟರ್ ಲ್ಯಾಬುಗಳಲ್ಲಿ ಉಬುಂಟು ಹಾಕುತ್ತೇವೆ, ಫೈರ್‌ವಾಲ್ ಕೂರಿಸುತ್ತೇವೆ, ಅದರ ಮೂಲ ಸರ್ಟಿಫಿಕೇಟನ್ನು ಸರಿಯಾಗಿ ಸೇರಿಸುವ ಅರ್ಧ ಗಂಟೆಯ ಕೆಲಸಕ್ಕೆ ಮಾತ್ರ ಸೋಮಾರಿತನ. ಅದಿಲ್ಲದ್ದಕ್ಕೆ ಎಚ್ಚರಿಕೆ ಬಂದಾಗಲೆಲ್ಲ ಮಕ್ಕಳಿಗೆ ‘ಒತ್ತಿಬಿಡಿ’ ಅನ್ನುತ್ತೇವೆ. ಮೂರು ವರ್ಷ ಒತ್ತಿದ ಕೈ ಬ್ಯಾಂಕಿನ ಪುಟದಲ್ಲೂ ಒತ್ತುತ್ತದೆ.

ಇನ್ನೊಂದು ಸೋಮಾರಿತನ ಇದಕ್ಕಿಂತ ಕೆಟ್ಟದ್ದು: ವಾಟ್ಸಾಪಿನಲ್ಲಿ ಬಂದ ಸರ್ಟಿಫಿಕೇಟ್ ಫೈಲನ್ನು ಯಾರದೆಂದು ಕೇಳದೆ ಇಡೀ ಯಂತ್ರಕ್ಕೆ ಸೇರಿಸುವುದು. ಆ ಸರ್ಟಿಫಿಕೇಟಿನ ಗುಪ್ತ ಕೀಲಿ ಯಾರ ಬಳಿ ಇದೆಯೋ ಅವರು ಆ ಯಂತ್ರದ ಪಾಲಿಗೆ ಯಾವ ಬ್ಯಾಂಕಿನ ವೇಷವನ್ನಾದರೂ ಹಾಕಬಹುದು. 2014ರ ಜುಲೈನಲ್ಲಿ ಏನಾಯಿತು? ನಮ್ಮ ಎನ್‌ಐಸಿ ಹೆಸರಿನಲ್ಲೇ ಗೂಗಲ್, ಯಾಹೂ ತಾಣಗಳಿಗೆ ಸುಳ್ಳು ಸರ್ಟಿಫಿಕೇಟುಗಳು ಹುಟ್ಟಿದ್ದು ಬಯಲಾಯಿತು. ಭಾರತ ಸರ್ಕಾರದ ಮೂಲ ಸರ್ಟಿಫಿಕೇಟು ಮೈಕ್ರೋಸಾಫ್ಟಿನ ನಂಬಿಕೆಯ ಪಟ್ಟಿಯಲ್ಲಿತ್ತು, ಹಾಗಾಗಿ ವಿಂಡೋಸ್ ನಂಬಿತು. ಫೈರ್‌ಫಾಕ್ಸಿನ ಸ್ವಂತ ಪಟ್ಟಿಯಲ್ಲಿ ಇರಲಿಲ್ಲ, ಅದು ಉಳಿಯಿತು. ಸರ್ಕಾರಿ ಸಂಸ್ಥೆಗೇ ಹೀಗಾಗುವಾಗ, ಊರು-ಹೆಸರಿಲ್ಲದ ಫೈಲನ್ನು ನೀವು ಯಾವ ಧೈರ್ಯದಲ್ಲಿ ಸೇರಿಸುತ್ತೀರಿ?

ಸೇರಿಸಲೇಬೇಕಾದರೆ, ಮೊದಲು ಫೈಲ್ ಕೊಟ್ಟವರಿಗೆ ಫೋನ್ ಮಾಡಿ, ಸರ್ಟಿಫಿಕೇಟಿನ 64 ಅಕ್ಷರದ ಬೆರಳಚ್ಚನ್ನು ಓದಿಸಿ ತಾಳೆ ನೋಡಿ. ಮೊದಲ ನಾಲ್ಕು ಅಕ್ಷರ ನೋಡಿ ಬಿಡಬೇಡಿ, ಪೂರ್ತಿ ನೋಡಿ. ಆಮೇಲೆ ಫೈಲಿನ ಹೆಸರಿನ ಕೊನೆಗೆ ‘ಸಿಆರ್‌ಟಿ’ ಇರುವಂತೆ ಮಾಡಿ, ಯುಎಸ್‌ಆರ್ ಒಳಗಿನ ಲೋಕಲ್, ಶೇರ್ ದಾಟಿ ಸಿಎ-ಸರ್ಟಿಫಿಕೇಟ್ಸ್ ಫೋಲ್ಡರಿನಲ್ಲಿಟ್ಟು ‘ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್’ ಆಜ್ಞೆ ಕೊಡಿ. ಇಷ್ಟಕ್ಕೇ ಮುಗಿಯಿತೆಂದು ಎದ್ದು ಹೋಗುವವರೇ ಹೆಚ್ಚು. ಕರ್ಲ್, ವಿಗೆಟ್ ಒಪ್ಪುತ್ತವೆ, ಬ್ರೌಸರ್ ಒಪ್ಪುವುದಿಲ್ಲ. ಫೈರ್‌ಫಾಕ್ಸ್ ತನ್ನದೇ ಪಟ್ಟಿ ನೋಡುತ್ತದೆ. ಅದಕ್ಕೆ ಪಾಲಿಸಿ ಫೈಲಿನಲ್ಲಿ ಬರೆಯಬೇಕು. ಲಿನಕ್ಸಿನ ಕ್ರೋಮ್‌ಗೆ ಪ್ರತಿ ಬಳಕೆದಾರನ ಹೋಮ್ ಫೋಲ್ಡರಿನಲ್ಲಿರುವ ಎನ್‌ಎಸ್‌ಎಸ್ ಕಡತಕ್ಕೆ ‘ಸರ್ಟ್‌ಯುಟಿಲ್’ನಿಂದ ಸೇರಿಸಬೇಕು. ಮೂವತ್ತು ಯಂತ್ರವಿದ್ದರೆ ಒಂದು ಸ್ಕ್ರಿಪ್ಟ್ ಬರೆಯಿರಿ. ಬರೆಯಲು ಬರುವುದಿಲ್ಲವೆಂದರೆ ಕಲಿಯಿರಿ, ಸಂಬಳ ಅದಕ್ಕೇ ಇದೆ.

ಕಳೆದ ಬಾರಿ ಒಂದು ಲ್ಯಾಬಿನಲ್ಲಿ ಆ ಸಿಎ-ಸರ್ಟಿಫಿಕೇಟ್ಸ್ ಫೋಲ್ಡರ್ ತೆರೆದೆ. ಐದು ಫೈಲುಗಳಿದ್ದವು. ಯಾರು ಹಾಕಿದ್ದೆಂದು ಉಸ್ತುವಾರಿಯವರನ್ನು ಕೇಳಿದೆ. ಎರಡಕ್ಕೆ ಉತ್ತರ ಸಿಕ್ಕಿತು. ಉಳಿದ ಮೂರನ್ನು ಅವರ ಎದುರೇ ಅಳಿಸಿದೆ.