ಮರಕ್ಕೆ ಕಟ್ಟಿದ ಕಣ್ಣು ಯಾರದು?

ಗೋಪಿನಾಥಂನಲ್ಲಿ ಸುದ್ದಿ ಎಂಬುದು ಎಂದೂ ಹಗುರವಾದ ಸಂಗತಿಯಾಗಿರಲಿಲ್ಲ. ವೀರಪ್ಪನ್ ಶರಣಾಗುತ್ತಾನೆಂಬ ಸುದ್ದಿಯನ್ನು ನಂಬಿ, ಆಯುಧವಿಲ್ಲದೆ ಕಾಡಿನೊಳಗೆ ನಡೆದುಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಕೊಲೆಯಾದರು. ಊರಿನ ಜನರ ಕಾಯಿಲೆ ಕಸಾಲೆಗೂ ಆಗಿಬಂದು, ಅವರ ನಂಬಿಕೆ ಗಳಿಸಿದ್ದ ಅಧಿಕಾರಿ ಅವರು. ಆ ಕಾಲದಲ್ಲಿ ಪೊಲೀಸರಿಗೆ ಸುದ್ದಿ ಕೊಟ್ಟರೆಂಬ ಅನುಮಾನಕ್ಕೆ ವೀರಪ್ಪನ್ ಕೈಯಲ್ಲಿ ಸತ್ತವರುಂಟು; ಸುದ್ದಿ ಬಚ್ಚಿಟ್ಟರೆಂಬ ಅನುಮಾನಕ್ಕೆ ಕಾರ್ಯಪಡೆಯ ಶಿಬಿರಗಳಲ್ಲಿ ನರಳಿದವರೂ ಉಂಟು. ಆ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಬೇಕಾಯಿತು. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗಲಂತೂ ಇಡೀ ರಾಜ್ಯ ಕಾಡಿನಿಂದ ಬರುವ ಒಂದು ಕ್ಯಾಸೆಟ್ಟಿಗಾಗಿ ಕಾಯುತ್ತಿತ್ತು.

ಈಗ ಕಾಲ ಬದಲಾಗಿದೆ. ಕಾಡಂಚಿನ ಊರುಗಳಿಗೆ ಮೊಬೈಲ್ ಬಂದಿದೆ. ಪಡಿತರ ಅಂಗಡಿಗೆ ಬೆರಳಚ್ಚಿನ ಯಂತ್ರ, ಹೊಲದ ಅಂಚಿಗೆ ಸೋಲಾರ್ ಬೇಲಿ ಬಂದಿವೆ. ಇವು ಎಲ್ಲರ ಕಣ್ಣಿಗೂ ಕಾಣುವಂಥವು. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಯಂತ್ರ ಕಾಲುದಾರಿಯ ಪಕ್ಕದ ಮರಕ್ಕೆ, ಮೊಣಕಾಲೆತ್ತರದಲ್ಲಿ ಕಟ್ಟಿಸಿಕೊಂಡು ಕುಳಿತಿರುತ್ತದೆ. ಅದೇ ಕ್ಯಾಮೆರಾ ಟ್ರ್ಯಾಪ್. ಬಿಸಿಯುಳ್ಳ ಮೈಯೊಂದು ಎದುರಿಗೆ ಚಲಿಸಿದರೆ ಸಾಕು, ಹಗಲಿರಲಿ ಇರುಳಿರಲಿ ಚಿತ್ರ ತೆಗೆಯುತ್ತದೆ. ಹುಲಿಯ ಪಟ್ಟೆ, ಚಿರತೆಯ ಚುಕ್ಕೆ ಒಂದರಂತೆ ಇನ್ನೊಂದಿಲ್ಲದ ಕಾರಣ ಪ್ರತಿಯೊಂದು ಪ್ರಾಣಿಯನ್ನೂ ಗುರುತು ಹಿಡಿಯಬಹುದು. ಇದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಕಾವೇರಿ ವನ್ಯಜೀವಿ ಧಾಮದಲ್ಲಿ ತರಕರಡಿ ಇದೆಯೆಂಬುದನ್ನು ಹೊರಜಗತ್ತಿಗೆ ಚಿತ್ರಸಮೇತ ತೋರಿಸಿದ್ದು ಇದೇ ಯಂತ್ರ.

ಆದರೆ ಹುಲಿ ಯಾವುದು, ಸೌದೆಹೊರೆ ಹೊತ್ತ ಹೆಂಗಸು ಯಾರು ಎಂಬ ಭೇದ ಈ ಯಂತ್ರಕ್ಕಿಲ್ಲ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು 3,48,58,623 ವನ್ಯಜೀವಿ ಚಿತ್ರಗಳನ್ನು ತೆಗೆಯಲಾಯಿತು. ಅದು ಗಿನ್ನೆಸ್ ದಾಖಲೆಗೂ ಸೇರಿತು. ಹುಲಿಯ ಚಿತ್ರಗಳು 76,651, ಚಿರತೆಯವು 51,777. ಇಷ್ಟು ಕ್ಯಾಮೆರಾಗಳ ಮುಂದೆ ಹಾದುಹೋದ ಮನುಷ್ಯರೆಷ್ಟು, ಅವರ ಚಿತ್ರಗಳು ಏನಾದವು ಎಂಬ ಪ್ರಶ್ನೆಗೆ ದಾಖಲೆಯ ಸಂಭ್ರಮದಲ್ಲಿ ಎಡೆಯಿರಲಿಲ್ಲ.

ಉತ್ತರಾಖಂಡದ ಕಾರ್ಬೆಟ್‌ನಲ್ಲಿ ಆ ಪ್ರಶ್ನೆಗೆ ಕಹಿಯಾದ ಉತ್ತರ ಸಿಕ್ಕಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ತ್ರಿಶಾಂತ್ ಸಿಮ್ಲಾಯ್ ಅವರ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಬಹಿರ್ದೆಸೆಗೆ ಹೋಗಿದ್ದ ಹೆಂಗಸೊಬ್ಬಳ ಚಿತ್ರ ಕ್ಯಾಮೆರಾದಲ್ಲಿ ಸೆರೆಯಾಗಿ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತ್ತು; ರೊಚ್ಚಿಗೆದ್ದ ಜನ ಕ್ಯಾಮೆರಾಗಳನ್ನು ಒಡೆದುಹಾಕಿದ್ದರು. ಕಾಡುಮೃಗ ದೂರ ಸರಿಯಲೆಂದು ಗಟ್ಟಿಯಾಗಿ ಹಾಡುತ್ತ ಹೋಗುತ್ತಿದ್ದ ಹೆಂಗಸರು, ಯಾರೋ ನೋಡುತ್ತಿದ್ದಾರೆಂಬ ಅಳುಕಿನಿಂದ ದನಿ ತಗ್ಗಿಸಿದರೆಂದೂ ಆ ಅಧ್ಯಯನ ಹೇಳುತ್ತದೆ. ಕಾಡಿನಲ್ಲಿ ದನಿ ತಗ್ಗಿದರೆ ಅಪಾಯ ಹತ್ತಿರ ಬರುತ್ತದೆ ಎಂಬುದನ್ನು ಬೆಟ್ಟದ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಈ ಭಾಗದ್ದೇ ಪ್ರಸಂಗ. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಕಾಡು ಕಾಯುವ ಹೊರಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲವೆಂಬುದೂ ಆಗ ಪತ್ರಿಕೆಗಳಲ್ಲಿ ಬಂತು. ವಿಷವಿಟ್ಟದ್ದನ್ನು ಯಾವ ನ್ಯಾಯವೂ ಸಮರ್ಥಿಸದು. ಆದರೂ ಒಂದು ಮಾತು ಉಳಿಯುತ್ತದೆ. ಹುಲಿಯ ಗುರುತು ಕಚೇರಿಯ ಕಂಪ್ಯೂಟರಿನಲ್ಲಿರುತ್ತದೆ. ಹುಲಿ ಬಂದಿದೆಯೆಂಬುದು ದನಗಾಹಿಗೆ ತಿಳಿಯುವುದು ಹಸು ಸತ್ತ ಮೇಲೆ. ಯಂತ್ರ ಕೂಡಿಹಾಕುವ ಸುದ್ದಿ ಮೇಲಕ್ಕಷ್ಟೇ ಹೋಗಿ ಕೆಳಗಿಳಿಯದಿದ್ದರೆ, ಕಾಡಂಚಿನವರ ಪಾಲಿಗೆ ಅದು ಇನ್ನೊಂದು ಬೇಹುಗಾರಿಕೆ. ಗೋಪಿನಾಥಂ ಬೇಹುಗಾರಿಕೆಯ ಬೆಲೆಯನ್ನು ಒಮ್ಮೆ ತೆತ್ತ ಊರು.

ಸುದ್ದಿ ಕೆಳಗಿಳಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳ ನಡುವೆ ಆನೆಗಳ ಓಡಾಟ ನಿತ್ಯದ ಸಂಗತಿ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯು ಆನೆಗಳಿರುವ ಜಾಗವನ್ನು ಸಂಜೆಯ ಹೊತ್ತಿಗೆ ಕೇಬಲ್ ಟಿವಿಯಲ್ಲೂ, 2011ರಿಂದ ಎಸ್‌ಎಂಎಸ್ ಮೂಲಕವೂ ಕಾರ್ಮಿಕರಿಗೆ ತಿಳಿಸತೊಡಗಿತು. ಮೊಬೈಲಿನಿಂದಲೇ ಹೊತ್ತಿಸಬಹುದಾದ ಕೆಂಪುದೀಪಗಳನ್ನು ಎತ್ತರದ ಜಾಗಗಳಲ್ಲಿ ನಿಲ್ಲಿಸಲಾಯಿತು. ದೀಪ ಉರಿದರೆ ಆನೆ ಹತ್ತಿರವಿದೆಯೆಂದು ಅಕ್ಷರ ಬಾರದವರಿಗೂ ಗೊತ್ತಾಗುತ್ತದೆ. ಅಲ್ಲಿ ಆನೆಗೆ ಸಿಕ್ಕಿ ಸಾಯುವವರ ಸಂಖ್ಯೆ ಇಳಿಯಿತು. ಅಲ್ಲಿದ್ದದ್ದು ಸಾಮಾನ್ಯ ಮೊಬೈಲು, ಸಾಮಾನ್ಯ ದೀಪ.

ಹುಲಿಯ ಜಾಡನ್ನು ಬಯಲು ಮಾಡಿದರೆ ಬೇಟೆಗಾರರಿಗೆ ಅನುಕೂಲವಲ್ಲವೆ ಎಂಬ ಆಕ್ಷೇಪವುಂಟು. ಅದು ತಳ್ಳಿಹಾಕುವಂಥದ್ದಲ್ಲ. ಆದರೆ ನಕ್ಷೆಯ ಮೇಲೆ ಚುಕ್ಕೆ ಇಟ್ಟು ತೋರಿಸೆಂದು ಯಾರೂ ಕೇಳುತ್ತಿಲ್ಲ. ಈ ವಾರ ಇಂಥ ಹಳ್ಳದ ಕಡೆಗೆ ದನ ಬಿಡಬೇಡಿ ಎಂಬ ಒಂದು ಮಾತು ದೊಡ್ಡಿಗೆ ತಲುಪಿದರೆ ಅಷ್ಟರಿಂದ ಯಾವ ಬೇಟೆಗಾರನೂ ಹುಲಿಯನ್ನು ಹುಡುಕಲಾರ.

ಯಂತ್ರವನ್ನು ಜನರೇ ಕೈಗೆತ್ತಿಕೊಂಡ ನಿದರ್ಶನವೂ ಪಕ್ಕದ ಯಳಂದೂರು ತಾಲ್ಲೂಕಿನಲ್ಲಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಏಟ್ರೀ ಸಂಸ್ಥೆಯ ಜೊತೆಗೂಡಿ, ಜಿಪಿಎಸ್ ಹಿಡಿದು ಕಾಡೆಲ್ಲ ನಡೆದು, ತಮ್ಮ ಯೆಲ್ಲೆಗಳ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳನ್ನು ನಕ್ಷೆಗೆ ಏರಿಸಿದರು. ಸರ್ಕಾರಿ ನಕ್ಷೆಯಲ್ಲಿ ಬರಿಯ ಹಸಿರಾಗಿದ್ದ ಜಾಗಕ್ಕೆ ಹೆಸರು ಬಂತು. 2011ರ ಅಕ್ಟೋಬರ್ 2ರಂದು ಅಲ್ಲಿನ ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರಗಳು ದೊರೆತವು. ಉಪಗ್ರಹ ಅದೇ, ಯಂತ್ರವೂ ಅಂಥದ್ದೇ. ಹಿಡಿದ ಕೈ ಮಾತ್ರ ಬೇರೆ.

ಗೋಪಿನಾಥಂ, ಹೂಗ್ಯಂ ಸುತ್ತಿನ ಗ್ರಾಮಸಭೆಗಳು ಕೇಳಬೇಕಾದದ್ದು ಬಹಳವೇನಲ್ಲ. ಕ್ಯಾಮೆರಾ ಎಲ್ಲೆಲ್ಲಿ, ಎಷ್ಟು ದಿನ ಇರುತ್ತದೆಂದು ಕಟ್ಟುವ ಮೊದಲೇ ಊರಿಗೆ ತಿಳಿಸಲಿ. ಮನುಷ್ಯರ ಚಿತ್ರಗಳನ್ನು ಅಳಿಸಿ, ಅಳಿಸಿದ್ದನ್ನು ಸಭೆಯಲ್ಲಿ ಹೇಳಲಿ. ಹುಲಿ, ಆನೆ ಬಂದ ಸುದ್ದಿ ಅಂದೇ ದೊಡ್ಡಿಗೆ ಮುಟ್ಟಲಿ. ಹಸು ಸತ್ತವನು ಪರಿಹಾರದ ಅರ್ಜಿ ಹಿಡಿದು ಅಲೆಯುವಾಗ, ಆ ದಾರಿಯ ಚಿತ್ರ ಅವನ ಪರವಾಗಿಯೂ ಸಾಕ್ಷಿ ಹೇಳಲಿ. ಪಿಯುಸಿ, ಪದವಿ ಓದುತ್ತಿರುವ ಬೆಟ್ಟದ ಹುಡುಗ ಹುಡುಗಿಯರಿಗೆ ಈ ಅರ್ಜಿ ಬರೆಯುವುದು ಅರ್ಧ ದಿನದ ಕೆಲಸ.