ವಿಜ್ಞಾನದ ಮೂಲೆ: ಅವಳಿಗಳು ಯಾರ ಕಡೆಯವರು?

ಅವಳಿ ಮಕ್ಕಳು ಹುಟ್ಟಿದ ಮನೆಯಲ್ಲಿ ಎರಡೂ ಕಡೆಯ ಬೀಗರು ಕೇಳುವ ಪ್ರಶ್ನೆ ಒಂದೇ: ಇದು ಯಾರ ಕಡೆಯಿಂದ ಬಂತು? ಉತ್ತರಕ್ಕೆ ಮುನ್ನ ನಾವು ಅವಳಿಗಳ ಬಗೆ ತಿಳಿಯಬೇಕು.

ಫಲಿತವಾದ ಒಂದೇ ಅಂಡ ಇಬ್ಭಾಗವಾದರೆ ತದ್ರೂಪಿ ಅವಳಿಗಳು. ಇದು ಬಹುಮಟ್ಟಿಗೆ ಆಕಸ್ಮಿಕ. ಒಮ್ಮೆಗೇ ಎರಡು ಅಂಡಗಳು ಬಿಡುಗಡೆಯಾಗಿ ಎರಡೂ ಫಲಿಸಿದರೆ ಹುಟ್ಟುವವರು ಒಂದೇ ಬಸಿರು ಹಂಚಿಕೊಂಡ ಸಾಮಾನ್ಯ ಒಡಹುಟ್ಟಿದವರಷ್ಟೆ. ವಂಶದಲ್ಲಿ ಹರಿದುಬರುವುದು ಈ ಎರಡನೆಯ ಬಗೆ.

ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ನ್ಯೂಜಿಲೆಂಡಿನ ಕುರಿಗಳು. ಡನೀಡನ್ ಬಳಿಯ ಇನ್ವರ್ಮೇಯ ವಿಜ್ಞಾನಿಗಳು ಹೆಚ್ಚು ಮರಿ ಹಾಕುವ ರಾಮ್ನಿ ಕುರಿಗಳಲ್ಲಿ 'ಇನ್ವರ್‌ಡೇಲ್' ಜೀನನ್ನು ಗುರುತಿಸಿದರು. ಎಕ್ಸ್ ವರ್ಣತಂತುವಿನಲ್ಲಿರುವ ಬಿಎಂಪಿ-15 ಎಂಬ ಜೀನಿನ ಬದಲಾವಣೆಯೇ ಅದೆಂದು 2000ದಲ್ಲಿ ಪ್ರಕಟವಾಯಿತು. ಬದಲಾದ ಪ್ರತಿ ಒಂದಿದ್ದರೆ ಅವಳಿ, ತ್ರಿವಳಿ ಹೆಚ್ಚು. ತಂದೆತಾಯಿ ಇಬ್ಬರಿಂದಲೂ ಬಂದು ಎರಡಾದರೆ ಕುರಿ ಗೊಡ್ಡು! ಟಗರು ಈಯುವುದಿಲ್ಲ, ಆದರೆ ತನ್ನಲ್ಲಿರುವ ಆ ಜೀನನ್ನು ಎಲ್ಲ ಹೆಣ್ಣುಮರಿಗಳಿಗೂ ಕೊಡುತ್ತದೆ.

ಮನುಷ್ಯರಲ್ಲಿ ಹಲವು ಜೀನುಗಳ ಜೊತೆಗೆ ತಾಯಿಯ ವಯಸ್ಸು, ಔಷಧಗಳ ಪಾತ್ರವೂ ಇದೆ. ಆದರೂ ಎರಡು ಅಂಡ ಬಿಡುವುದು ತಾಯಿಯ ದೇಹವೇ. ಆದ್ದರಿಂದ ಗಂಡಿನ ಕಡೆಯವರು ತಮ್ಮ ವಂಶದ ಅವಳಿಗಳನ್ನು ಸೊಸೆಯ ಬಸಿರಲ್ಲಿ ಹುಡುಕಬಾರದು. ಮಗಳ, ಮೊಮ್ಮಗಳ ಬಸಿರಲ್ಲಿ ಹುಡುಕಬಹುದು.